ಬಂಧುಗಳನ್ನು ಅಗಲಿದ್ದಾರೆ

2023ರ ನವೆಂಬರ್ ತಿಂಗಳ ಮೂರನೆಯ ಬುಧವಾರ ಬೆಳಿಗ್ಗೆ ಐದೂವರೆಗೆ ಅಜ್ಜಂಪುರದಲ್ಲಿ ನಿವೃತ್ತ ನರ್ಸ್ ಒಬ್ಬರು ತಮ್ಮ ಮನೆಯಲ್ಲಿ ತೀರಿಕೊಂಡರು. ಅವರಿಗೆ ಎಪ್ಪತ್ತೊಂದು ವರ್ಷ. ಮರುದಿನದ ಪತ್ರಿಕೆಯ ಜಿಲ್ಲಾ ಪುಟದ ಕೆಳತುದಿಯಲ್ಲಿ ಆ ಸುದ್ದಿ ಮೂರು ವಾಕ್ಯಗಳಲ್ಲಿ ಬಂತು. ಬರೆದವನು ನಾನು. ಹೆಸರು, ವಯಸ್ಸು, ಸೇವೆ ಸಲ್ಲಿಸಿದ ಊರುಗಳು, ಅಂತ್ಯಕ್ರಿಯೆಯ ವಿವರ, ಎಲ್ಲವೂ ಸರಿಯಾಗಿದ್ದವು. ಕೊನೆಯ ವಾಕ್ಯ ಹೀಗಿತ್ತು: ‘ಮೃತರು ಸಹೋದರ ಹಾಗೂ ಬಂಧುಗಳನ್ನು ಅಗಲಿದ್ದಾರೆ.’

ಆ ವಾಕ್ಯದಿಂದ ನಾನು ಒಂದು ಪದ ತೆಗೆದಿದ್ದೆ.

ತರೀಕೆರೆಯಲ್ಲಿ ವರದಿಗಾರನಾಗಿ ನನಗದು ಇಪ್ಪತ್ತೆರಡನೆಯ ವರ್ಷ. ಅಜ್ಜಂಪುರದ ಸುದ್ದಿಯನ್ನೂ ನಾನೇ ನೋಡುತ್ತಿದ್ದೆ. ತಾಲ್ಲೂಕು ವರದಿಗಾರನ ಕೆಲಸದಲ್ಲಿ ನಿಧನ ವಾರ್ತೆಗೆ ಮರ್ಯಾದೆ ಕಡಿಮೆ, ಓದುಗರು ಹೆಚ್ಚು. ಅದು ಬರುವುದು ಮನೆಯವರು ಬರೆದುಕೊಟ್ಟ ಚೀಟಿಯಲ್ಲಿ; ಈಚೆಗೆ ಚೀಟಿಯ ಫೋಟೊ ವಾಟ್ಸಾಪಿಗೆ ಬರುತ್ತದೆ. ಚೀಟಿಯಲ್ಲಿ ಇಲ್ಲದ್ದನ್ನು ಸೇರಿಸಬಾರದು ಎಂಬುದು ನಿಯಮ. ಒಳ್ಳೆಯ ನಿಯಮವೇ. ಆದರೆ ಇರುವುದನ್ನು ತೆಗೆಯುವುದಕ್ಕೆ ಅಂಥ ನಿಯಮವಿಲ್ಲ. ಅದು ಬರೆಯುವವನ ಕೈಗೆ ಬಿಟ್ಟದ್ದು.

ಚೀಟಿಗಳೆಲ್ಲ ಒಂದೇ ರೀತಿ ಮುಗಿಯುತ್ತವೆ: ‘ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’ ನಾನು ಮೊದಲು ‘ಅಪಾರ’ ಹೊಡೆದುಹಾಕುತ್ತಿದ್ದೆ. ಯಾರೂ ಎಣಿಸಿ ನೋಡಿಲ್ಲ ಎಂಬುದು ಕಾರಣ. ಆಮೇಲೆ ‘ಬಳಗ’ ಹೊಡೆಯುತ್ತಿದ್ದೆ. ಬಂಧು ಎಂದಮೇಲೆ ಬಳಗ ಪುನರುಕ್ತಿ, ಎರಡೂ ಒಂದೇ, ಜಾಗ ದಂಡ. ಹೊಸದಾಗಿ ವರದಿಗೆ ಬಂದ ಮೂರು ನಾಲ್ಕು ಮಂದಿಗೂ ಇದನ್ನೇ ಕಲಿಸಿದೆ. ನಾನು ಕಳಿಸಿದ ಸುದ್ದಿಯಲ್ಲಿ ಪತ್ರಿಕೆಯ ಡೆಸ್ಕಿನವರು ಕೈಯಾಡಿಸುವುದಿಲ್ಲ ಎಂಬ ಹೆಸರು ನನಗಿತ್ತು. ಅದು ಬಂದದ್ದು ಇಂಥ ಹೊಡೆತಗಳಿಂದಲೇ.

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಹೋಟೆಲ್ ನಡೆಸುವವರೊಬ್ಬರು ಪೇಪರನ್ನು ನಿಧನ ವಾರ್ತೆಯಿಂದ ಓದಲು ಶುರುಮಾಡುವವರು. ಒಂದು ದಿನ ಕಾಫಿ ಲೋಟ ಇಡುತ್ತ ಕೇಳಿದರು.

“ಏನ್ರೀ, ನಿಮ್ ಪೇಪರಲ್ಲಿ ಸತ್ತೋರಿಗೆ ಬಳಗಾನೇ ಇರಲ್ವಲ್ರೀ. ಬೇರೆ ಪೇಪರಲ್ಲಿ ಎರಡೂ ಸಿಗ್ತದೆ.”

“ಜಾಗ ಕಮ್ಮಿ ಕಣ್ರೀ.”

“ಸ್ಮಶಾನದೋರೇ ಆರಡಿ ಮೂರಡಿ ಕೊಡ್ತಾರೆ, ನೀವು ಒಂದ್ ಪದಕ್ಕೆ ಕೊಡಲ್ಲ. ನಾನಂತೂ ನಿಮ್ ಪೇಪರಲ್ಲಿ ಸಾಯಲ್ಲ ಬಿಡಿ.”

ನಾನೂ ನಕ್ಕೆ.

ಆ ಎರಡು ಪದ ಒಂದೇ ಅಲ್ಲ ಎಂದು ನನಗೆ ಹತ್ತನೆಯ ವಯಸ್ಸಿನಲ್ಲೇ ಹೇಳಿಕೊಡಲಾಗಿತ್ತು. ಕಡೂರಿನ ಸರ್ಕಾರಿ ಶಾಲೆ, ಐದನೇ ತರಗತಿ. ಕನ್ನಡ ಹೇಳಿಕೊಡುತ್ತಿದ್ದ ಟೀಚರ್ ಅಂದು ಬೋರ್ಡಿನ ಮೇಲೆ ಜೋಡುನುಡಿಗಳನ್ನು ಬರೆದಿದ್ದರು: ಹೊಲ ಗದ್ದೆ, ಮನೆ ಮಠ, ಬಂಧು ಬಳಗ.

“ಜೋಡಿ ಅಂದ ತಕ್ಷಣ ಎರಡೂ ಒಂದೇ ಅಂದ್ಕೋಬೇಡ್ರೋ. ಹೊಲದಲ್ಲಿ ರಾಗಿ ಬೆಳೀತದೆ, ಗದ್ದೇಲಿ ಭತ್ತ. ಬಂಧು ಅಂದ್ರೆ ಹುಟ್ಟಿನಿಂದ್ಲೋ ಮದುವೆಯಿಂದ್ಲೋ ಬಂದೋರು. ನೀವು ಬ್ಯಾಡ ಅಂದ್ರೂ ಅವರು ಬಂಧುಗಳೇ. ಬಳಗ ಅಂದ್ರೆ ಸುತ್ತ ಸೇರ್ಕೊಂಡೋರು. ಅವರು ಯಾವಾಗ ಬೇಕಾದ್ರೂ ಎದ್ದು ಹೋಗ್ಬೋದು. ಹೋಗದೆ ಕೂತಿರ್ತಾರಲ್ಲ, ಅವರು ಬಳಗ.”

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. “ಟೀಚರ್, ನರ್ಸಮ್ಮ ನಿಮಗೆ ಬಂಧುನೋ ಬಳಗಾನೋ?”

ತರಗತಿ ನಕ್ಕಿತು. ಟೀಚರೂ ನಕ್ಕರು.

“ಮೊನ್ನೆ ನಿನ್ನ ಕಜ್ಜಿಗೆ ಮುಲಾಮು ಹಚ್ಚಿದ್ರಲ್ಲ ಅವರು. ನಿನಗೇನಾಗ್ಬೇಕು ಹೇಳು, ಆಮೇಲೆ ನಾನು ಹೇಳ್ತೀನಿ.”

ನರ್ಸಮ್ಮ ಎಂದರೆ ಕಡೂರಿನ ಆಸ್ಪತ್ರೆಯಲ್ಲಿದ್ದ, ನಲವತ್ತು ವರ್ಷಗಳ ಮೇಲೆ ಅಜ್ಜಂಪುರದಲ್ಲಿ ತೀರಿಕೊಂಡ ಅದೇ ನರ್ಸ್. ಆಗ ಅವರೂ ಟೀಚರೂ ಒಂದೇ ಬಾಡಿಗೆ ಮನೆಯಲ್ಲಿದ್ದರು. ನರ್ಸಮ್ಮನದು ಅಜ್ಜಂಪುರದ ಹಳೆಯ ಶೈವ ವ್ಯಾಪಾರಸ್ಥರ ಮನೆ, ಮಠಕ್ಕೆ ನಡೆದುಕೊಳ್ಳುವವರು. ಟೀಚರ್ ಪಂಚನಹಳ್ಳಿಯವರು, ಅವರ ತಂದೆಯ ಕಾಲದಲ್ಲೇ ಮನೆಯವರು ಬೌದ್ಧರಾಗಿದ್ದರು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಕೇಳಿಲ್ಲ, ಆದ್ದರಿಂದ ಗೊತ್ತಿಲ್ಲ.

ಅದೇ ವರ್ಷ ನನಗೆ ನಾಯಿ ಕಚ್ಚಿತು. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್. ನಮ್ಮಪ್ಪ ಎರಡು ದಿನ ಬಂದರು, ಆಮೇಲೆ ಅವರಿಗೆ ಬಿಡುವಾಗಲಿಲ್ಲ. ಉಳಿದ ಹನ್ನೆರಡು ದಿನ ಶಾಲೆ ಬಿಟ್ಟ ಮೇಲೆ ಟೀಚರೇ ಕರೆದುಕೊಂಡು ಹೋಗಿ ನನ್ನ ಎರಡೂ ಕೈ ಹಿಡಿದುಕೊಳ್ಳುತ್ತಿದ್ದರು. “ನಾಯಿಗೆ ಕೊಡ್ಬೇಕಿತ್ತು ಕಣೇ ಇದನ್ನ, ಇವನನ್ನ ಕಚ್ಚಿದ್ದಕ್ಕೆ” ಎಂದು ನರ್ಸಮ್ಮ ಟೀಚರಿಗೆ ಹೇಳುತ್ತ ಸೂಜಿ ಹಾಕುತ್ತಿದ್ದರು. ಅಲ್ಲಿಂದ ಅವರ ಮನೆ, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಇಂಜೆಕ್ಷನ್ ಮುಗಿದ ಮೇಲೂ ರೊಟ್ಟಿಗೆ ಹೋಗುವುದು ನಿಲ್ಲಲಿಲ್ಲ. ಏಳನೇ ತರಗತಿಯವರೆಗೆ ನಾನು ಆ ಮನೆಯಲ್ಲಿ ಓದಿದೆ.

ನಿವೃತ್ತಿಯಾದ ಮೇಲೆ ನರ್ಸಮ್ಮ ಅಜ್ಜಂಪುರದಲ್ಲಿ, ತಂದೆ ಕೊಟ್ಟ ಸೈಟಿನಲ್ಲಿ, ಎರಡು ಕೋಣೆಯ ಮನೆ ಕಟ್ಟಿಸಿದರು. ಎರಡು ವರ್ಷದ ನಂತರ ಟೀಚರೂ ನಿವೃತ್ತರಾಗಿ ಅಲ್ಲಿಗೇ ಬಂದರು. 2021ರಲ್ಲಿ ನರ್ಸಮ್ಮನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಅಲ್ಲಿಂದ ಎರಡೂವರೆ ವರ್ಷ ಸ್ನಾನ, ಊಟ, ಮಾತ್ರೆ, ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲ ಟೀಚರ್ ನೋಡಿಕೊಂಡರು. ಆ ಅವಧಿಯಲ್ಲಿ ನಾನು ಅವರ ಮನೆಗೆ ಹೋದದ್ದು ಮೂರು ಸಲ. ತರೀಕೆರೆಯಿಂದ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಆಗುವುದಿಲ್ಲ.

ತೀರಿಕೊಂಡ ದಿನ ಎಂಟು ಗಂಟೆಯ ಹೊತ್ತಿಗೆ ನಾನು ಅಲ್ಲಿದ್ದೆ. ಟೀಚರ್ ನಡುಮನೆಯಲ್ಲಿ, ಹಾಸಿಗೆಯ ಪಕ್ಕ ಕೂತಿದ್ದರು. ಒಂಬತ್ತಕ್ಕೆ ನರ್ಸಮ್ಮನ ಅಣ್ಣನ ಮಗ ತರೀಕೆರೆಯಿಂದ ಬಂದರು. ಅವರಿಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಸಂಭಾವಿತರು. ಶಾಮಿಯಾನ, ಕುರ್ಚಿ, ಮಠಕ್ಕೆ ಸುದ್ದಿ, ಎಲ್ಲವನ್ನೂ ಫೋನಿನಲ್ಲೇ ಮುಗಿಸಿದರು. ಸಂಬಂಧಿಕರು ಒಬ್ಬೊಬ್ಬರಾಗಿ ಬಂದರು. ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪದ್ಧತಿಯಂತೆ ಕುಳ್ಳಿರಿಸಿದರು. ಹತ್ತು ಗಂಟೆಗೆ ನೋಡಿದಾಗ ಟೀಚರ್ ಜಗಲಿಯಲ್ಲಿದ್ದರು. ಹನ್ನೊಂದೂವರೆಗೆ ರಸ್ತೆಯಾಚೆ, ಎದುರುಮನೆಯ ಕಟ್ಟೆಯ ಮೇಲಿದ್ದರು. ಯಾರೂ ಅವರನ್ನು ಏಳಿ ಎಂದಿರಲಿಲ್ಲ. ಒಬ್ಬರು ಬಂದಾಗ ಇವರು ಸ್ವಲ್ಪ ಸರಿದರು, ಇನ್ನೊಬ್ಬರು ಬಂದಾಗ ಇನ್ನಷ್ಟು. ಅಣ್ಣನ ಮಗನ ಹೆಂಡತಿ ಮಾತ್ರ ರಸ್ತೆ ದಾಟಿ ಹೋಗಿ ಒಂದು ಲೋಟ ಕಾಫಿ ಕೊಟ್ಟು, ಅವರು ಕುಡಿಯುವವರೆಗೆ ಪಕ್ಕದಲ್ಲೇ ನಿಂತಿದ್ದರು.

ನಾನು ಹೋಗಿ ಕಟ್ಟೆಯ ಮೇಲೆ ಕೂತೆ.

“ಪೇಪರಿಗೆ ಬರಿತೀಯಲ್ಲಪ್ಪಾ?” ಎಂದರು ಟೀಚರ್.

“ಬರಿತೀನಿ ಟೀಚರ್.”

“ನನ್ನ ಹೆಸರು ಹಾಕ್ಬೇಡ. ಅವರಿಗೆ ಮುಜುಗರ ಆಗ್ತದೆ. ಬಳಗ ಅಂತ ಒಂದು ಪದ ಇರ್ತದಲ್ಲ, ಅದು ಇರ್ಲಿ. ಓದಿದಾಗ ನಾನು ಅಂತ ನನಗೆ ಗೊತ್ತಾಗ್ತದೆ. ಅಷ್ಟು ಸಾಕು ಕಣೋ.”

“ಆಯ್ತು ಟೀಚರ್.”

ಅದಕ್ಕೆ ಮೊದಲು ಅವರು ನನ್ನನ್ನು ಎಂದೂ ಏನನ್ನೂ ಕೇಳಿದವರಲ್ಲ.

ಮಧ್ಯಾಹ್ನ ಹೊರಡುವಾಗ ಅಣ್ಣನ ಮಗ ಚೀಟಿ ಕೊಟ್ಟರು. ನೋಟ್‌ಬುಕ್ಕಿನ ಹಾಳೆ, ನೀಲಿ ಪೆನ್ನು. ‘ಸಹೋದರ ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ’ ಎಂದು ಎಲ್ಲರಂತೆ ಅವರೂ ಬರೆದಿದ್ದರು. ಇದನ್ನು ಒತ್ತಿ ಹೇಳಬೇಕು. ಮನೆಯವರು ಬಳಗವನ್ನು ಬಿಟ್ಟಿರಲಿಲ್ಲ.

ತರೀಕೆರೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಸುದ್ದಿ ಬರೆದೆ. ಚೀಟಿಯಲ್ಲಿದ್ದಂತೆ ಬರೆದೆ. ‘ಅಪಾರ’ ತೆಗೆದೆ. ‘ಬಳಗ’ದ ಹತ್ತಿರ ನಿಂತೆ. ಟೀಚರ್ ಹೇಳಿದ್ದು ಮರೆತಿರಲಿಲ್ಲ. ಅವರು ಹೇಳಿ ಆಗಿನ್ನೂ ಎರಡು ಗಂಟೆ ಆಗಿತ್ತಷ್ಟೆ. ಇದೊಂದರಲ್ಲಿ ಪದ ಉಳಿಸಿದರೆ, ನನ್ನಿಂದ ಕಲಿತವರು ಯಾರಾದರೂ ಯಾಕೆ ಸಾರ್ ಎಂದು ಕೇಳುತ್ತಾರೆ. ಹೋಟೆಲಿನವರು ಖಂಡಿತ ಕೇಳುತ್ತಾರೆ. ಆಗ ಅದು ಯಾರ ಸಲುವಾಗಿ ಎಂದು ಹೇಳಬೇಕಾಗುತ್ತದೆ ಎಂದು ಹೊಳೆಯಿತು. ಪದ ತೆಗೆದು, ‘ಬಂಧು’ವಿಗೆ ‘ಗಳನ್ನು’ ಸೇರಿಸಿ ಕಳಿಸಿಬಿಟ್ಟೆ. ಅದು ಅಭ್ಯಾಸವೋ ಅಂಜಿಕೆಯೋ ಎಂದು ಆಮೇಲೆ ಎಷ್ಟೋ ಸಲ ವಿಂಗಡಿಸಲು ನೋಡಿದ್ದೇನೆ. ಎರಡೂ ಒಂದೇ ಬೆರಳಿನಲ್ಲಿದ್ದವು. ಒಟ್ಟು ಹಿಡಿದದ್ದು ಅರ್ಧ ನಿಮಿಷ.

ಒಂದು ವಾರದ ಮೇಲೆ ಶಿವಗಣಾರಾಧನೆಯ ಕಾರ್ಡು ನನ್ನ ಕೈಗೆ ಬಂತು. ತೀರಿಕೊಂಡವರ ಹೆಸರಿನಲ್ಲಿ ಮಾಡುವ ಪೂಜೆ, ಊಟ. ಮುದ್ರಿಸಿದ್ದು ತರೀಕೆರೆಯ ಪ್ರೆಸ್ಸಿನಲ್ಲಿ. ‘ಬಂಧುಗಳು ಆಗಮಿಸಿ ಮೃತರ ಆತ್ಮಕ್ಕೆ ಶಾಂತಿ ಕೋರಬೇಕಾಗಿ ವಿನಂತಿ’ ಎಂದಿತ್ತು. ಇಂಥ ಕಾರ್ಡುಗಳಲ್ಲಿ ‘ಬಂಧು ಬಳಗದವರು’ ಎಂದಿರುವುದು ವಾಡಿಕೆ. ನಾನು ಕಾರ್ಡನ್ನು ಎರಡು ಸಲ ಓದಿದೆ.

ಆರಾಧನೆಯ ದಿನ ಅಜ್ಜಂಪುರಕ್ಕೆ ಹೋದೆ. ಪೂಜೆ ಮುಗಿದು ಪಂಕ್ತಿ ಕೂತಿತ್ತು. ಅಣ್ಣನ ಮಗ ತಾವೇ ಬಂದು ನನ್ನನ್ನು ಕೂರಿಸಿದರು.

“ಕಾರ್ಡ್ ಚೆನ್ನಾಗಿ ಬಂತಾ ಸಾರ್? ನಾನು ಬರೆಯೋಕ್ ಹೋಗ್ಲಿಲ್ಲ. ಪೇಪರ್ ಕಟಿಂಗನ್ನೇ ಪ್ರೆಸ್ಸಿಗೆ ಕೊಟ್ಟು, ಇದನ್ನ ನೋಡ್ಕೊಂಡ್ ಮಾಡ್ರಪ್ಪಾ ಅಂದೆ. ನೀವು ಬರೆದ್ರೆ ಲಕ್ಷಣವಾಗಿರ್ತದೆ.”

ಅವರ ಹೆಂಡತಿ ನೀರು ಬಡಿಸಿಕೊಂಡು ಬಂದವರು ಅಲ್ಲೇ ನಿಂತರು.

“ಟೀಚರಮ್ಮ ಬರ್ಲಿಲ್ವಲ್ಲ. ಅವರಿಗೆ ಕಾರ್ಡ್ ಕೊಟ್ರಾ ನೀವು?”

“ಹೆಂಗ್ ಕೊಡ್ಲೇ? ಬಂಧುಗಳು ಅಂತ ಅಚ್ಚಾಗಿರೋ ಕಾರ್ಡ್ ತಗೊಂಡೋಗಿ ಅವರ ಕೈಗೆ ಕೊಟ್ರೆ, ಅಣಕಿಸ್ದಂಗೆ ಆಗಲ್ವಾ?”

“ಇವರಿಗೆ ಕೊಟ್ಟಿದೀರಲ್ಲ. ಇವರೇನ್ ಬಂಧುಗಳಾ?”

“ಇವರು ಪೇಪರಿನೋರು ಕಣೇ.”

ಆಕೆ ಮುಂದಿನ ಎಲೆಗೆ ಹೋದರು. ನಾನು ಊಟ ಮಾಡಿದೆ. ಹೋಳಿಗೆ ಎರಡು ಸಲ ಬಡಿಸಿದರು, ಎರಡು ಸಲವೂ ಬೇಡ ಎನ್ನಲಿಲ್ಲ. ಏಳುವಾಗ ಹೇಳಬಹುದಿತ್ತು: ಚೀಟಿಯಲ್ಲಿ ನೀವು ಸರಿಯಾಗಿಯೇ ಬರೆದಿದ್ದಿರಿ, ತೆಗೆದವನು ನಾನು ಎಂದು. ಅದನ್ನೂ ಹೇಳಲಿಲ್ಲ.

ಡಿಸೆಂಬರ್ ಕೊನೆಯಲ್ಲಿ ಟೀಚರ್ ಅಜ್ಜಂಪುರ ಬಿಟ್ಟು ಪಂಚನಹಳ್ಳಿಯ ತಮ್ಮನ ಮನೆಗೆ ಹೋದರೆಂದು ಎದುರುಮನೆಯವರಿಂದ ತಿಳಿಯಿತು. ಜನವರಿಯ ಒಂದು ಭಾನುವಾರ ಕಡೂರಿಗೆ ಹೋಗಿ, ಅಲ್ಲಿಂದ ಪಂಚನಹಳ್ಳಿ ಬಸ್ಸು ಹತ್ತಿದೆ. ಅವರು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಕೈಯಲ್ಲಿ ಕೆಂಪು ಪೆನ್ನು. ಅದು ಅವರ ಹಳೆಯ ರೂಢಿ. ಪೇಪರಿನಲ್ಲಿ ತಪ್ಪು ಕಂಡರೆ ಗುರುತು ಹಾಕುತ್ತಾರೆ. ನನ್ನ ಸುದ್ದಿಗಳಲ್ಲಿ ಹಾಕಿದ ಗುರುತುಗಳನ್ನು ಕೂಡಿಟ್ಟು, ನಾನು ಹೋದಾಗ ತೋರಿಸುತ್ತಿದ್ದರು.

“ಬಾರಪ್ಪಾ. ಊಟಕ್ಕೆ ಹೋಗಿದ್ಯಂತೆ?”

“ಹೂಂ ಟೀಚರ್.”

“ಏನ್ ಮಾಡಿದ್ರು?”

“ಹೋಳಿಗೆ.”

“ಅವಳಿಗೆ ಹೋಳಿಗೆ ಸೇರ್ತಿರ್ಲಿಲ್ಲ. ಶ್ಯಾವಿಗೆ ಪಾಯಸ ಮಾಡ್ಬೇಕಿತ್ತು. ಪಾಪ, ಅವರಿಗೇನ್ ಗೊತ್ತು.”

ಅವರ ತಮ್ಮನ ಸೊಸೆ ಕಾಫಿ ತಂದಿಟ್ಟು ಒಳಗೆ ಹೋದರು. ಹೇಳುವುದನ್ನು ನಾನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ.

“ಟೀಚರ್, ಆ ಪದ ನಾನು ಬರೆದಿದ್ದೆ. ಆಮೇಲೆ ತೆಗೆದೆ.”

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

“ಬರೆದು ತೆಗೆದ್ಯಾ?”

“ಹೂಂ.”

“ಮರೆತಿದೀಯಾ ಅಂದ್ಕೊಂಡಿದ್ದೆ. ಕೆಲಸದ ಗಡಿಬಿಡಿ, ಮರೆತಿರ್ತಾನೆ ಅಂತ ನಮ್ಮ ಸೊಸೆಗೂ ಹೇಳ್ದೆ.”

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸುತ್ತೇನೆ, ಇಲ್ಲವಾದರೆ ನರ್ಸಮ್ಮನ ಮೇಲೆ ಒಂದು ಲೇಖನ ಬರೆಯುತ್ತೇನೆ ಎಂದೆ. ಟೀಚರ್ ಒಳಗೆ ಹೋಗಿ ಮಡಿಸಿಟ್ಟಿದ್ದ ಪುಟವೊಂದನ್ನು ತಂದರು. ನವೆಂಬರ್ ತಿಂಗಳ ಆ ಗುರುವಾರದ ಜಿಲ್ಲಾ ಪುಟ. ಮೇಲಿನ ಸುದ್ದಿಯಲ್ಲಿ ಒಂದು ಕಡೆ ಒತ್ತಕ್ಷರ ತಪ್ಪಿತ್ತು, ಅದಕ್ಕೆ ಕೆಂಪು ಗೆರೆ. ಪಕ್ಕದ ಸುದ್ದಿಯಲ್ಲಿ ಎರಡು ಗೆರೆ. ಕೆಳತುದಿಯ ಮೂರು ವಾಕ್ಯಗಳ ಮೇಲೆ ಏನೂ ಇರಲಿಲ್ಲ.

“ಏನಂತ ತಿದ್ದುಪಡಿ ಹಾಕ್ತೀಯಾ? ಅಣ್ಣ ಇದಾರೆ, ಬಂಧುಗಳಿದಾರೆ, ಅವರನ್ನ ಅಗಲಿದ್ದೂ ನಿಜ. ಪೆನ್ನು ಹಿಡ್ಕೊಂಡ್ ಕೂತೆ ನಾನೂವೆ. ತಪ್ಪಿದ್ರೆ ತಾನೇ ತಿದ್ದೋದು?”

ಪುಟವನ್ನು ಮತ್ತೆ ಮೊದಲಿನ ಮಡಿಕೆಗಳಲ್ಲೇ ಮಡಿಸಿದರು. ಬಸ್ಸಿಗೆ ಹೊತ್ತಾಯಿತು ಎಂದು ಅವರೇ ನೆನಪಿಸಿದರು. ರಸ್ತೆಯವರೆಗೂ ಬಂದರು. ಇನ್ನೊಮ್ಮೆ ಬಾ ಎಂದು ಹೇಳಲಿಲ್ಲ.

ಅಂದಿನಿಂದ ನಾನು ‘ಬಳಗ’ ಹೊಡೆಯುವುದನ್ನು ಬಿಟ್ಟೆ. ನನ್ನಿಂದ ಕಲಿತವರಿಗೂ ಫೋನ್ ಮಾಡಿ ಹೇಳಿದೆ. ಒಬ್ಬರು ಒಪ್ಪಲಿಲ್ಲ. “ನೀವೇ ಹೇಳ್ಕೊಟ್ಟಿದ್ದಲ್ವಾ ಸಾರ್, ಎರಡೂ ಒಂದೇ ಅಂತ? ಈಗ ಏನಾಯ್ತು?” ಎಂದರು. ಏನಾಯಿತು ಎಂದು ನಾನು ಹೇಳಲಿಲ್ಲ. ಅವರು ಈಗಲೂ ಹೊಡೆಯುತ್ತಾರೆ.

2024ರ ನವೆಂಬರಿನಲ್ಲಿ ನಮ್ಮದೇ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಪುಟ್ಟ ಜಾಹೀರಾತು ಬಂತು. ಪ್ರಥಮ ವರ್ಷದ ಪುಣ್ಯಸ್ಮರಣೆ. ನರ್ಸಮ್ಮನ ಫೋಟೊ, ಬಿಳಿ ಕ್ಯಾಪು ಹಾಕಿಕೊಂಡ ಕಡೂರಿನ ದಿನಗಳದ್ದು. ಅಜ್ಜಂಪುರದ ಜಾಹೀರಾತುಗಳು ನನ್ನ ಮೂಲಕ ಹೋಗುತ್ತವೆ. ಇದು ಹೋಗಿರಲಿಲ್ಲ. ಪಂಚನಹಳ್ಳಿ ಕಡೆಯವರು ಜಾಹೀರಾತು ಕೊಡುವುದು ಕಡೂರಿನಲ್ಲಿ; ಅಲ್ಲಿನ ನಮ್ಮ ಏಜೆಂಟರಿಗೆ ಫೋನ್ ಮಾಡಿದೆ.

“ಪಂಚನಹಳ್ಳಿ ಬಸ್ಸಲ್ಲಿ ಬಂದಿದ್ರು ಸಾರ್, ವಯಸ್ಸಾದೋರು. ಆಧಾರ್ ಜೆರಾಕ್ಸೂ ತಂದಿದ್ರು. ಬರವಣಿಗೆ ಮುತ್ತಿನಂಗೆ. ಒಂದಕ್ಷರ ಮುಟ್ಟಂಗಿಲ್ಲ ಅಂತ ಹೇಳಿ ಹೋದ್ರು. ಅಜ್ಜಂಪುರದ್ದಲ್ವಾ, ನಮ್ಮ ತರೀಕೆರೆ ವರದಿಗಾರರು ಗೊತ್ತಾ ಅಂತ ಕೇಳ್ದೆ.”

“ಏನಂದ್ರು?”

“ಗೊತ್ತು, ಪೇಪರಿನವರು ಅಂದ್ರು.”

ಟೀಚರ್ ಅಲ್ಲಿಯವರೆಗೆ ನನ್ನ ವಿಷಯದಲ್ಲಿ ಬಹುವಚನ ಬಳಸಿದ್ದಿಲ್ಲ.

ಜಾಹೀರಾತಿನ ಕೊನೆಯಲ್ಲಿ, ‘ದುಃಖತಪ್ತ ಕುಟುಂಬ ವರ್ಗ’ ಎಂದು ಹಾಕುವ ಜಾಗದಲ್ಲಿ, ‘ಬಳಗ’ ಎಂದಷ್ಟೇ ಇತ್ತು. ಅದರ ಕೆಳಗೆ ಆರು ಹೆಸರುಗಳು. ಮೊದಲನೆಯದು ಟೀಚರದು. ಎರಡನೆಯದು ಎದುರುಮನೆಯಾಕೆಯದು. ಆಮೇಲೆ ಮನೆಗೆ ಹಾಲು ಹಾಕುತ್ತಿದ್ದವರು, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಆಟೊದವರು, ಮಾತ್ರೆ ತಂದುಕೊಡುತ್ತಿದ್ದ ಮೆಡಿಕಲ್ ಶಾಪಿನವರು. ಆರನೆಯದು ಅಣ್ಣನ ಮಗನ ಹೆಂಡತಿಯದು.

2025ರ ನವೆಂಬರಿನಲ್ಲಿ ಎರಡನೇ ವರ್ಷದ ಜಾಹೀರಾತು ಬಂದಿದೆ. ಅದೇ ಫೋಟೊ, ಅದೇ ಒಂದು ಪದ, ಅವೇ ಆರು ಹೆಸರುಗಳು. ಹಾಲು ಹಾಕುತ್ತಿದ್ದವರ ಹೆಸರಿನ ಹಿಂದೆ ‘ದಿವಂಗತ’ ಎಂದು ಸೇರಿಸಲಾಗಿದೆ.